ಹಿಟ್ಟಿನ ಅಂಗಡಿ: ಹಿಟ್ಟಿಗೆ ಐದಕ್ಕೆ ಐದು, ಚಟ್ನಿಗೆ ಎರಡು

ಮೈಸೂರಿನ ಸರಸ್ವತಿಪುರಂನ ಒಂದು ಅಡ್ಡರಸ್ತೆಯಲ್ಲಿ ಈ ಅಂಗಡಿ ಇದೆ. ಬೋರ್ಡ್ ಇಲ್ಲ. ಸುತ್ತಮುತ್ತಲಿನವರು ಹಿಟ್ಟಿನ ಅಂಗಡಿ ಅಂತಲೇ ಕರೆಯುತ್ತಾರೆ. ಸಿಗೋದು ಮೂರೇ ಐಟಂ: ಇಡ್ಲಿ ಹಿಟ್ಟು, ದೋಸೆ ಹಿಟ್ಟು, ಕಾಯಿ ಚಟ್ನಿ. ಒಂದೂವರೆ ವರ್ಷದಿಂದ ವಾರಕ್ಕೆ ಎರಡು ಸಲ ತರುತ್ತಿದ್ದೇನೆ. ಎಷ್ಟನೇ ಅಡ್ಡರಸ್ತೆ ಅಂತ ಬರೆಯುತ್ತಿಲ್ಲ. ಚಟ್ನಿ ಬಗ್ಗೆ ನನಗೆ ದೂರು ಇದೆ. ಒಬ್ಬ ಹೆಂಗಸು ಮಗನನ್ನು ಜೊತೆಗಿಟ್ಟುಕೊಂಡು ಕಷ್ಟಪಟ್ಟು ನಡೆಸುವ ಅಂಗಡಿ ಇದು. ನನ್ನ ಬರಹದಿಂದ ಅವರ ವ್ಯಾಪಾರ ಕೆಡಬಾರದು.

ನಾನು ಒಂದು ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ 31 ವರ್ಷ ಟೆಕ್ನಿಷಿಯನ್ ಆಗಿದ್ದೆ. ಕಫ, ಮೂತ್ರ, ಕೀವು ಏನೇ ಬಂದರೂ ತಂತಿಯ ಲೂಪಿನಲ್ಲಿ, ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿನ ಮೇಲೆ ಎಳೆದು, 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಏನು ಬೆಳೆದಿದೆ ಅಂತ ನೋಡೋದು ನನ್ನ ಕೆಲಸ. ಅದನ್ನೆಲ್ಲ ನೋಡಿದವಳಿಗೆ ಹೊರಗಿನಿಂದ ಹಿಟ್ಟು ತರೋದು ಸುಲಭದ ಮಾತಲ್ಲ. ಬಲಗೈ ಮಣಿಕಟ್ಟು ನೋವು ಶುರುವಾಯಿತು. ಗ್ರೈಂಡರಿನ ಕಲ್ಲು ಎತ್ತಬೇಡಿ ಅಂತ ಡಾಕ್ಟರು ಹೇಳಿದರು. ಬೇರೆ ದಾರಿ ಇರಲಿಲ್ಲ.

ಮೊದಲ ದಿನ ಹಿಟ್ಟು ಕೇಳುವುದಕ್ಕೆ ಮುಂಚೆ ಇಪ್ಪತ್ತು ನಿಮಿಷ ಪಕ್ಕದಲ್ಲೇ ನಿಂತೆ.

‘ಏನಮ್ಮಾ, ಹಿಟ್ಟು ಬೇಕಿತ್ತಾ?’ ಅಂತ ಆಕೆ ಕೇಳಿದರು.

‘ಬೇಕಮ್ಮ. ಸ್ವಲ್ಪ ಹೊತ್ತು ನಿಂತು ನೋಡಲಾ?’

‘ಧಾರಾಳವಾಗಿ ನೋಡಿ. ಒಳಗೇ ಬನ್ನಿ, ಚಪ್ಪಲಿ ಮಾತ್ರ ಆಚೆ ಬಿಡಿ.’

ಒಳಗೆ ಎರಡು ದೊಡ್ಡ ಗ್ರೈಂಡರ್, ಐದಾರು ಸ್ಟೀಲ್ ಡ್ರಮ್. ಪ್ಲಾಸ್ಟಿಕ್ ಬಕೆಟ್ ಒಂದೂ ಕಾಣಲಿಲ್ಲ. ಖಾಲಿಯಾದ ಡ್ರಮ್ಮನ್ನು ಸೋಪು ಹಾಕಿ ಉಜ್ಜಿ, ಕುದಿಯುವ ನೀರು ಸುರಿದು, ಹಿತ್ತಲಿನ ಬಿಸಿಲಿಗೆ ಬೋರಲು ಹಾಕುತ್ತಾರೆ. ಹಿಟ್ಟು ತೆಗೆಯುವುದು ಸೌಟಿನಲ್ಲಿ. ಆಕೆ ಸೌಟು ಹಿಡಿದರೆ ದುಡ್ಡು ತೆಗೆದುಕೊಳ್ಳುವುದು ಮಗ. ನೋಟು ಮುಟ್ಟಿದ ಕೈ ಹಿಟ್ಟಿನ ಹತ್ತಿರ ಬರಲೇ ಇಲ್ಲ. ಅಲ್ಲೇ ನನಗೆ ಅರ್ಧ ಧೈರ್ಯ ಬಂತು. ಅವರಿಗೆ ಯಾರೂ ತರಬೇತಿ ಕೊಟ್ಟಿಲ್ಲ. ‘ನಮ್ಮಮ್ಮ ಹೇಳಿಕೊಟ್ಟಿದ್ದು’ ಅಂದರು ಅಷ್ಟೇ.

ಪಕ್ಕದ ಬೀದಿಯ ಒಬ್ಬರು ಈ ಅಂಗಡಿಗೆ ಬರುವುದನ್ನು ಬಿಟ್ಟಿದ್ದಾರೆ. ಕೀಟಾಣು ಕೊಲ್ಲುವ ದ್ರಾವಣ ಇಲ್ಲಿ ಬಳಸಲ್ಲ ಅನ್ನೋದು ಅವರ ಕಾರಣ. ಆಸ್ಪತ್ರೆಯ ವಾಸನೆ ಬಂದರೆ ಮಾತ್ರ ಜಾಗ ಶುದ್ಧ ಅನ್ನೋ ನಂಬಿಕೆ ತುಂಬ ಜನರಿಗಿದೆ. ಅಡುಗೆಮನೆಗೆ, ಕೈಗೆ ಸಾದಾ ಸೋಪು ಸಾಕು. ಸೋಪು ಬ್ಯಾಕ್ಟೀರಿಯಾವನ್ನು ಕೊಲ್ಲಲೇಬೇಕು ಅಂತಿಲ್ಲ. ಜಿಡ್ಡಿಗೆ ಅಂಟಿಕೊಂಡ ಕೊಳೆಯನ್ನೂ ಅದರ ಜೊತೆಗಿರುವ ರೋಗಾಣುವನ್ನೂ ಸಡಿಲ ಮಾಡುತ್ತದೆ. ನೀರು ಹೊತ್ತುಕೊಂಡು ಹೋಗುತ್ತದೆ. ಕರಾಚಿಯ ಬಡ ಬಡಾವಣೆಗಳಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಫಲಿತಾಂಶ 2005ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಸೋಪು ಕೊಟ್ಟು ಕೈತೊಳೆಯಲು ಕಲಿಸಿದ ಮನೆಗಳಲ್ಲಿ 5 ವರ್ಷದೊಳಗಿನ ಮಕ್ಕಳ ನ್ಯುಮೋನಿಯಾ ಅರ್ಧಕ್ಕೆ ಇಳಿಯಿತು. ಬ್ಯಾಕ್ಟೀರಿಯಾ ಕೊಲ್ಲುವ ಸೋಪು ಸಿಕ್ಕ ಮನೆಗೂ ಸಾದಾ ಸೋಪು ಸಿಕ್ಕ ಮನೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. 2016ರಲ್ಲಿ ಅಮೆರಿಕದ ಎಫ್‌ಡಿಎ ಅನ್ನೋ ಔಷಧ ನಿಯಂತ್ರಣ ಸಂಸ್ಥೆ, ಟ್ರೈಕ್ಲೋಸಾನ್ ಸೇರಿ ಬ್ಯಾಕ್ಟೀರಿಯಾ ಕೊಲ್ಲುವ 19 ಔಷಧಗಳನ್ನು ಕೈತೊಳೆಯುವ ಸೋಪುಗಳಲ್ಲಿ ಹಾಕಕೂಡದು ಅಂದಿತು. ಸಾದಾ ಸೋಪಿಗಿಂತ ಅವು ಮೇಲು ಅಂತ ಕಂಪನಿಗಳಿಗೆ ತೋರಿಸಲು ಆಗಿರಲಿಲ್ಲ. ಆಸ್ಪತ್ರೆಯ ಆಪರೇಷನ್ ಥಿಯೇಟರ್ ಮಾತು ಬೇರೆ. ಅಲ್ಲಿ ದ್ರಾವಣ ಬೇಕೇ ಬೇಕು. ಹಿಟ್ಟಿನ ಡ್ರಮ್ಮಿಗೆ ಸೋಪು, ಬಿಸಿನೀರು, ಬಿಸಿಲು ಸಾಕು.

ಈಗ ಹಿಟ್ಟಿನ ವಿಷಯ. ಒಂದು ಕೆಜಿ 60 ರೂಪಾಯಿ. ಇಡ್ಲಿ ಬೆಳ್ಳಗೆ, ಮೆತ್ತಗೆ ಬರುತ್ತದೆ. ಮುರಿದರೆ ಒಳಗೆ ಸಣ್ಣ ಸಣ್ಣ ತೂತು ಒಂದೇ ಸಮ ಕಾಣುತ್ತದೆ. ತಣ್ಣಗಾದ ಮೇಲೂ ರಬ್ಬರ್ ಥರ ಆಗಲ್ಲ. ದೋಸೆ ಹಿಟ್ಟಿಗೆ ಮೆಂತ್ಯ, ಅವಲಕ್ಕಿ ಹಾಕುತ್ತಾರೆ. ಕೆಂಪಗೆ ಗರಿಗರಿಯಾಗಿ ಏಳುತ್ತದೆ. ಎರಡನೇ ದಿನದ ರುಚಿ ನನಗೆ ಎಲ್ಲಕ್ಕಿಂತ ಇಷ್ಟ. ಮೂರನೇ ದಿನ ಹುಳಿ ಜಾಸ್ತಿ ಆಗುತ್ತದೆ. ಅವತ್ತು ಈರುಳ್ಳಿ, ಹಸಿಮೆಣಸು, ಕರಿಬೇವು ಹೆಚ್ಚಿ ಹಾಕಿ ಪಡ್ಡು ಮಾಡುತ್ತೇನೆ. ನಮ್ಮ ಮನೆಯಲ್ಲಿ ಪಡ್ಡಿಗಾಗಿಯೇ ಹಿಟ್ಟು ಉಳಿಸುತ್ತೇವೆ.

ಸೋಡಾ ಹಾಕಲ್ಲ. ಇದನ್ನು ನಾನು ಖಾತ್ರಿಯಾಗಿ ಹೇಳಬಲ್ಲೆ. ಹಿಂದೆ ಬೇರೊಂದು ಕಡೆ ತಂದ ಹಿಟ್ಟು ನೋಡೋಕೆ ಬುರುಬುರು ಉಬ್ಬಿತ್ತು. ನಾಲಿಗೆಗೆ ಒಂಚೂರೂ ಹುಳಿ ಇಲ್ಲ. ಬೇಯಿಸಿದರೆ ಇಡ್ಲಿ ಹಳದಿ ಬಣ್ಣಕ್ಕೆ ತಿರುಗಿ ಸೋಪಿನ ವಾಸನೆ ಬಂತು. ಸೋಡಾ ಹಾಕಿ ಉಬ್ಬಿಸಿದರೆ ಗಾಳಿ ಸಿಗುತ್ತದೆ, ಹುಳಿ ಸಿಗಲ್ಲ. ಇದ್ದ ಹುಳಿಯೂ ಕರಗಿಹೋಗುತ್ತದೆ. ಹುಳಿ ರುಚಿಗೆ ಮಾತ್ರ ಬೇಕಾದದ್ದಲ್ಲ. ಅದು ಹಿಟ್ಟಿನ ಕಾವಲು.

ಕೆಲಸದಲ್ಲಿದ್ದಾಗ ಒಂದು ದಿನ ಮನೆಯ ಹಿಟ್ಟನ್ನು ಸಣ್ಣ ಬಾಟಲಿಯಲ್ಲಿ ಲ್ಯಾಬಿಗೆ ಒಯ್ದಿದ್ದೆ. ಒಂದು ಹನಿಯನ್ನು ಗಾಜಿನ ಮೇಲೆ ಸವರಿ, ಒಣಗಿಸಿ, ಬ್ಯಾಕ್ಟೀರಿಯಾ ಎದ್ದು ಕಾಣಲಿ ಅಂತ ಗ್ರಾಮ್ ಬಣ್ಣ ಹಾಕಿದೆ. ಡೆನ್ಮಾರ್ಕಿನ ವೈದ್ಯ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಮ್ 1884ರಲ್ಲಿ ಬರೆದ ವಿಧಾನ ಅದು. ಇವತ್ತಿಗೂ ಇಂಥ ಲ್ಯಾಬುಗಳಲ್ಲಿ ಮೊದಲು ಮಾಡುವ ಪರೀಕ್ಷೆಗಳಲ್ಲಿ ಅದೂ ಒಂದು. ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟರೆ ನೇರಳೆ ಬಣ್ಣದ ಗುಂಡನೆ ಬ್ಯಾಕ್ಟೀರಿಯಾ. ಎರಡೆರಡಾಗಿ, ಕೆಲವು ಕಡೆ ಸಾಸಿವೆ ಪೋಣಿಸಿದ ಹಾಗೆ ಸಾಲಾಗಿ. ಕಣ್ಣು ಹಾಯಿಸಿದಲ್ಲೆಲ್ಲ ಅವೇ. ಸಾವಿರ ಬ್ಯಾಕ್ಟೀರಿಯಾ ಸಾಲಾಗಿ ನಿಂತರೂ ಒಂದು ಮಿಲಿಮೀಟರ್ ತುಂಬಲ್ಲ. ಹದವಾಗಿ ಹುದುಗಿದ ಹಿಟ್ಟಿನ ಒಂದೊಂದು ಗ್ರಾಮಿನಲ್ಲೂ ಅವು ಕೋಟಿಗಟ್ಟಲೆ ಇರುತ್ತವೆ. ಅಷ್ಟು ವರ್ಷ ಕಾಯಿಲೆಯವರ ಸ್ಯಾಂಪಲ್ ನೋಡಿ ನೋಡಿ, ಬ್ಯಾಕ್ಟೀರಿಯಾ ಅಂದರೆ ನನಗೂ ಶತ್ರು ಅನ್ನೋ ಭಾವನೆಯೇ ಬಲವಾಗಿತ್ತು. ಅವತ್ತು ಸಂಜೆ ಬಹಳ ಹೊತ್ತು ಆ ಸ್ಲೈಡ್ ಮುಂದಿನಿಂದ ಏಳೋಕೆ ಮನಸ್ಸು ಬರಲಿಲ್ಲ. ಆಮೇಲೆ ಬಾಟಲಿಯನ್ನು ಆಟೋಕ್ಲೇವಿಗೆ, ಅಂದರೆ ಒತ್ತಡದ ಹಬೆಯಲ್ಲಿ ರೋಗಾಣು ಕೊಲ್ಲುವ ಯಂತ್ರಕ್ಕೆ ಹಾಕಿದೆ. ಲ್ಯಾಬಿನೊಳಗೆ ಬಂದ ತಿನ್ನೋ ಪದಾರ್ಥ ಮತ್ತೆ ಮನೆಗೆ ಹೋಗಬಾರದು.

ಇಡ್ಲಿ ಹಿಟ್ಟಿನ ಈ ಕೆಲಸಗಾರರಲ್ಲಿ ಮುಖ್ಯವಾದದ್ದು ಲ್ಯೂಕೋನಾಸ್ಟಾಕ್ ಮೆಸೆಂಟೆರಾಯ್ಡಿಸ್. ಹಿಟ್ಟಿನ ಸಕ್ಕರೆ ಅಂಶವನ್ನು ತಿಂದು ಇದು ಎರಡು ಕೆಲಸ ಮಾಡುತ್ತದೆ. ಗಾಳಿ ಬಿಡುತ್ತದೆ, ಹುಳಿ ಮಾಡುತ್ತದೆ. ಆ ಗಾಳಿಯನ್ನು ಹಿಡಿದಿಡುವುದು ಉದ್ದಿನ ಬೇಳೆಯ ಲೋಳೆ. ಅದಕ್ಕೇ ಬರೀ ಅಕ್ಕಿ ಹಿಟ್ಟು ಹಾಗೆ ಉಬ್ಬಲ್ಲ. ಈ ಬ್ಯಾಕ್ಟೀರಿಯಾ ಎಲ್ಲಿಂದ ಬಂತು ಅಂತ ಅಂಗಡಿಯಾಕೆ ಕೇಳಿದರು. ಗಾಳಿಯಿಂದ ಬೀಳುತ್ತೆ, ಕಲಸುವವರ ಕೈಗುಣದಿಂದ ಬರುತ್ತೆ ಅಂತೆಲ್ಲ ಹೇಳುವವರಿದ್ದಾರೆ. ಮುಖ್ಯವಾಗಿ ಬೇಳೆಯ ಜೊತೆಯಲ್ಲೇ ಬಂದಿರುತ್ತದೆ. ಕೈ ಹಾಕದೆ ಸೌಟಿನಲ್ಲಿ ತಿರುಗಿಸಿದರೂ ಹಿಟ್ಟು ಚೆನ್ನಾಗಿ ಹುದುಗುತ್ತದೆ. ಈ ಅಂಗಡಿಯೇ ಅದಕ್ಕೆ ಸಾಕ್ಷಿ.

ಉಪ್ಪು ಹಾಕಿದರೆ ಹುದುಗಲ್ಲ ಅನ್ನೋದು ಇನ್ನೊಂದು ಮಾತು. ನಾವು ಹಾಕುವಷ್ಟು ಉಪ್ಪಿಗೆ ಈ ಬ್ಯಾಕ್ಟೀರಿಯಾ ಬಗ್ಗಲ್ಲ. ಜರ್ಮನಿಯ ಕಡೆ ಎಲೆಕೋಸನ್ನು ಉಪ್ಪಿನಲ್ಲಿ ಹುಳಿ ಬರಿಸುತ್ತಾರಲ್ಲ, ಅಲ್ಲೂ ಮೊದಲು ಕೆಲಸ ಶುರು ಮಾಡುವುದು ಇದೇ ಬ್ಯಾಕ್ಟೀರಿಯಾ. ಹಿಟ್ಟು ಏಳದೇ ಇರೋದಕ್ಕೆ ಚಳಿಯೇ ದೊಡ್ಡ ಕಾರಣ. ಸುಮಾರು 30 ಡಿಗ್ರಿ ಇದ್ದರೆ ಅದಕ್ಕೆ ಹಿತ. ಏಪ್ರಿಲ್‌ನಲ್ಲಿ ಎಂಟು ಗಂಟೆಗೆ ಉಕ್ಕುವ ಹಿಟ್ಟು ಮೈಸೂರಿನ ಡಿಸೆಂಬರ್‌ನಲ್ಲಿ ಹದಿನಾಲ್ಕು ಗಂಟೆಯಾದರೂ ಸುಮ್ನೆ ಕೂತಿರುತ್ತದೆ. ಆಕೆ ಚಳಿಗಾಲದಲ್ಲಿ ಡ್ರಮ್ಮಿಗೆ ಗೋಣಿಚೀಲ ಸುತ್ತುತ್ತಾರೆ, ರುಬ್ಬಲು ಬೆಚ್ಚಗಿನ ನೀರು ಬಳಸುತ್ತಾರೆ. ಕಳೆದ ಜನವರಿಯಲ್ಲೂ ಒಂದು ದಿನವೂ ಹಿಟ್ಟು ಮಂಕಾಗಿರಲಿಲ್ಲ.

ಒಂದು ಬೆಳಿಗ್ಗೆ ಕೊರಳಲ್ಲಿ ಆಫೀಸಿನ ಐಡಿ ಕಾರ್ಡ್ ಹಾಕಿಕೊಂಡ ಹುಡುಗ ಡಬ್ಬಿ ಹಿಡಿದುಕೊಂಡು ಬಂದ. ‘ಆಂಟಿ, ಹಿಟ್ಟು ಕೆಟ್ಟೋಗಿದೆ. ಮುಚ್ಚಳ ಹಾರಿಹೋಯ್ತು. ಹುಳಿ ವಾಸನೆ ಬೇರೆ’ ಅಂದ. ಆಕೆ ಒಂದು ಮಾತೂ ಆಡದೆ ಹೊಸ ಹಿಟ್ಟು ಕೊಟ್ಟರು. ಅದು ಅವರ ಒಳ್ಳೆಯ ಗುಣ. ಆದರೆ ಹಳೆಯದನ್ನು ಚರಂಡಿಗೆ ಸುರಿಯಲು ಹೋದಾಗ ನನಗೆ ತಡೆಯಲಾಗಲಿಲ್ಲ. ತೆಗೆದುಕೊಂಡು ನೋಡಿದೆ. ಒಳ್ಳೆಯ ಹಿಟ್ಟು. ಬರೀ ಹುಳಿ ಬಂದಿದೆ.

ಆ ಹುಡುಗನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಹುಳಿ ಅಳೆಯುವ ಅಂಕಿಗೆ ಪಿಎಚ್ ಅನ್ನುತ್ತಾರೆ, ಅದು ಇಳಿದಷ್ಟೂ ಹುಳಿ ಹೆಚ್ಚು. ರುಬ್ಬಿದ ಹಿಟ್ಟಿನ ಪಿಎಚ್ ಆರರ ಸುಮಾರಿಗೆ ಇರುತ್ತದೆ. ಹುದುಗಿದ ಮೇಲೆ 4.5ರ ಆಸುಪಾಸಿಗೆ ಇಳಿಯುತ್ತದೆ. ಅಷ್ಟು ಹುಳಿಯಲ್ಲಿ ಹೊಟ್ಟೆ ಕೆಡಿಸುವ ಬಹಳಷ್ಟು ಬ್ಯಾಕ್ಟೀರಿಯಾ ಸುಲಭವಾಗಿ ಬೆಳೆಯಲಾರವು. ಹಾಲು ಬೇಗ ಕೆಡುತ್ತದೆ, ಅದೇ ಹಾಲು ಮೊಸರಾದರೆ ಹೆಚ್ಚು ದಿನ ಬರುತ್ತದೆ ಅಲ್ವಾ? ಇದೂ ಹಾಗೇ. ಹೆಪ್ಪು ಹಾಕುವಾಗ ಯಾರೂ ಹೆದರಲ್ಲ. ಹಿಟ್ಟಿನ ಹುಳಿಗೆ ಮಾತ್ರ ಯಾಕೆ ಹೆದರಬೇಕು? ಹಿಟ್ಟು ನಿಜವಾಗಿ ಕೆಟ್ಟಿದ್ದರೆ ಬೇರೆ ಗುರುತು ಇರುತ್ತದೆ. ಮೇಲೆ ಗುಲಾಬಿ ಅಥವಾ ಕಪ್ಪು ಚುಕ್ಕೆ, ಬೂಷ್ಟು, ಕೊಳೆತ ವಾಸನೆ. ಹಾಗಿದ್ದರೆ ಮೇಲಿನದನ್ನು ಕೆರೆದು ಉಳಿದದ್ದನ್ನು ಬಳಸಬೇಡಿ. ಪೂರ್ತಿ ಚೆಲ್ಲಿ. ಬೂಷ್ಟಿನ ಎಳೆ ಕಣ್ಣಿಗೆ ಕಾಣದೆ ಕೆಳಗೂ ಇಳಿದಿರುತ್ತದೆ.

ಹುಡುಗ ‘ಫ್ರಿಜ್‌ನಲ್ಲಿ ಇಟ್ಟಿದ್ದೆ, ಆದರೂ ಹುಳಿ ಆಯ್ತಲ್ಲ’ ಅಂದ. ಫ್ರಿಜ್ ಬ್ಯಾಕ್ಟೀರಿಯಾವನ್ನು ಕೊಲ್ಲಲ್ಲ. ನಿಧಾನ ಮಾಡುತ್ತದೆ ಅಷ್ಟೇ. ಫ್ರೀಜರಿನಲ್ಲೂ ಬಹಳಷ್ಟು ಬದುಕಿಯೇ ಇರುತ್ತವೆ. ಲ್ಯಾಬಿನಲ್ಲಿ ಬ್ಯಾಕ್ಟೀರಿಯಾವನ್ನು ವರ್ಷಗಟ್ಟಲೆ ಜೀವಂತವಾಗಿ ಕಾಪಾಡಲು ನಾವು ಅದಕ್ಕಿಂತಲೂ ತಣ್ಣನೆಯ ಪೆಟ್ಟಿಗೆಯಲ್ಲೇ ಇಡುತ್ತಿದ್ದೆವು. ಲಿಸ್ಟೀರಿಯಾ ಅಂತ ಕಾಯಿಲೆ ತರುವ ಬ್ಯಾಕ್ಟೀರಿಯಾ ಒಂದಿದೆ. ಅದು ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ. ಅದಕ್ಕೇ ಫ್ರಿಜ್ಜಿನಲ್ಲಿಟ್ಟ ಊಟಕ್ಕೂ ಒಂದು ಲೆಕ್ಕ ಬೇಕು.

ಹಿಟ್ಟಿನಷ್ಟೇ ಅಂಗಡಿಯ ಗೋಡೆಯ ಬಗ್ಗೆಯೂ ಹೇಳಬೇಕು. ಹೋದ ವರ್ಷ ಮಗ ಒಂದು ಕಾಗದ ಅಂಟಿಸಿದ: ‘ಪ್ರೋಬಯೋಟಿಕ್ ಇಡ್ಲಿ, ಹೊಟ್ಟೆಗೆ ಜೀವಂತ ಬ್ಯಾಕ್ಟೀರಿಯಾ’. ಫೋನಿನಲ್ಲಿ ಎಲ್ಲೋ ನೋಡಿದ್ದನಂತೆ. ನಾನು ಅವನನ್ನು ಕೂರಿಸಿಕೊಂಡು ಮಾತಾಡಿದೆ. ‘ಮಗು, ಇಡ್ಲಿ ಹಬೆಯಲ್ಲಿ ಎಷ್ಟು ಹೊತ್ತು ಬೇಯುತ್ತೆ?’ ‘ಹತ್ತು ನಿಮಿಷ ಅಮ್ಮಾ.’ ‘ಒಳಗೆಲ್ಲ ಬಿಸಿ ಆಗುತ್ತಲ್ಲ?’ ‘ಆಗುತ್ತೆ.’ ‘ಹಾಗಿದ್ದರೆ ಆ ಬ್ಯಾಕ್ಟೀರಿಯಾ ಬದುಕಿರುತ್ತಾ?’ ಅವನು ಸ್ವಲ್ಪ ಯೋಚಿಸಿ ಇಲ್ಲ ಅಂದ.

ಬೆಂದ ಇಡ್ಲಿಯಲ್ಲಿ ಅವು ಸತ್ತಿರುತ್ತವೆ. ಅದರಿಂದ ಇಡ್ಲಿಯ ಬೆಲೆ ಕಡಿಮೆಯಾಗಲ್ಲ. ಅವು ಸಾಯುವ ಮೊದಲೇ ಕೆಲಸ ಮುಗಿಸಿವೆ. ಬೇಳೆಯ ಪಿಷ್ಟ, ಪ್ರೋಟೀನನ್ನು ಒಂದಿಷ್ಟು ಒಡೆದು ಜೀರ್ಣಕ್ಕೆ ಸುಲಭ ಮಾಡಿವೆ. ಕಬ್ಬಿಣದ ಅಂಶವನ್ನು ದೇಹಕ್ಕೆ ಸಿಗದಂತೆ ಕಟ್ಟಿಹಾಕುವ ಫೈಟೇಟ್ ಅನ್ನೋ ವಸ್ತುವನ್ನು ಕಡಿಮೆ ಮಾಡಿವೆ. ಜೀವಂತ ಬ್ಯಾಕ್ಟೀರಿಯಾ ಬೇಕಿದ್ದರೆ ಬಿಸಿ ಮಾಡದ ಮೊಸರು, ಮಜ್ಜಿಗೆ ಇದೆ. ಹುಡುಗ ಅವತ್ತೇ ಕಾಗದ ಕಿತ್ತ. ‘ಸೋಡಾ ಹಾಕಿಲ್ಲ’ ಅಂತ ಬರೆದು ಅಂಟಿಸಿದ. ನಿಜ ಹೇಳಿದರೆ ವ್ಯಾಪಾರ ಕಡಿಮೆ ಆಗುತ್ತೆ ಅನ್ನೋ ಭಯ ಅವನಲ್ಲಿ ಕಾಣಲಿಲ್ಲ. ನನಗೆ ತುಂಬ ಸಂತೋಷವಾಯಿತು.

ಅದೇ ಹುಡುಗ ಕೌಂಟರ್ ಒರೆಸಲು 99.9% ಕೀಟಾಣು ನಾಶ ಅಂತ ಬರೆದ ಸ್ಪ್ರೇ ತಂದಿಟ್ಟಿದ್ದ. ಅದರ ಹಿಂಭಾಗದಲ್ಲಿದ್ದ ಚೀಟಿಯನ್ನು ಓದಿ ಇಬ್ಬರೂ ಸೇರಿ ಲೆಕ್ಕ ಹಾಕಿದೆವು. ಹತ್ತು ಲಕ್ಷ ಬ್ಯಾಕ್ಟೀರಿಯಾ ಇದ್ದರೆ, 99.9% ಸತ್ತ ಮೇಲೂ ಒಂದು ಸಾವಿರ ಉಳಿಯುತ್ತವೆ. ಒಳ್ಳೆಯ ಆಹಾರ, ಬಿಸಿ ಸಿಕ್ಕರೆ ಈ. ಕೋಲೈ ಅನ್ನೋ ಕರುಳಿನ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಎರಡರಷ್ಟಾಗುತ್ತದೆ. ಹತ್ತು ಸಲ ಎರಡರಷ್ಟಾದರೆ ಸಾವಿರದ ಪಟ್ಟು. ಅಂದರೆ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಮತ್ತೆ ಹತ್ತು ಲಕ್ಷ. ಕೌಂಟರಿನ ಮೇಲೆ ಹಿಟ್ಟಿನ ತೇವ ಬಿಟ್ಟರೆ ಯಾವ ಸ್ಪ್ರೇಯೂ ಕಾಯಲ್ಲ. ತೊಳೆದು ಒಣಗಿಸಿದರೆ ನೀರಿಲ್ಲದೆ ಅವು ಬೆಳೆಯಲ್ಲ. ಈಗ ಅವರು ಗಂಟೆಗೊಮ್ಮೆ ಒರೆಸಿ, ಒಣ ಬಟ್ಟೆಯಲ್ಲಿ ತೇವ ತೆಗೆಯುತ್ತಾರೆ. ಒರೆಸುವ ಬಟ್ಟೆಯನ್ನು ದಿನವೂ ಕುದಿಸುತ್ತಾರೆ. ಬಹಳ ಮನೆಗಳಲ್ಲಿ ಎಲ್ಲಕ್ಕಿಂತ ಕೊಳಕು ವಸ್ತು ಆ ಒದ್ದೆ ಬಟ್ಟೆಯೇ. ನಿಮ್ಮ ಮನೆಯದನ್ನೂ ಒಮ್ಮೆ ನೋಡಿ.

ಎಲ್ಲ ಬ್ಯಾಕ್ಟೀರಿಯಾವನ್ನೂ ಮೈಯಿಂದ ತೊಳೆದು ಕಳೆಯಬಹುದು ಅನ್ನೋದು ಆಗದ ಮಾತು. ಲ್ಯಾಬಿಗೆ ಬರುವ ವಿದ್ಯಾರ್ಥಿಗಳಿಗೆ ಕೈಯನ್ನು ಪ್ಲೇಟಿಗೆ ಒತ್ತಿಸಿ ತೋರಿಸುತ್ತಿದ್ದೆ. ತೊಳೆಯುವ ಮುಂಚೆ ಒಂದು, ತೊಳೆದ ಮೇಲೆ ಒಂದು. ಎಷ್ಟೋ ಸಲ ತೊಳೆದ ಕೈಯಲ್ಲೇ ಜಾಸ್ತಿ ಕಾಣುತ್ತಿತ್ತು. ಹುಡುಗರಿಗೆ ಗಾಬರಿ. ಉಜ್ಜಿದಾಗ ಚರ್ಮದ ಸಂದಿಯಲ್ಲಿ ಖಾಯಂ ವಾಸ ಇರುವವು ಮೇಲಕ್ಕೆ ಬಂದಿರುತ್ತವೆ. ಅವು ನಮ್ಮವು. ಹೊರಗಿನಿಂದ ಬಂದು ಅಂಟಿದ ರೋಗಾಣುಗಳೇ ಹೋಗಬೇಕಾದದ್ದು, ಅವು ಬಹುಪಾಲು ಹೋಗಿರುತ್ತವೆ. ನಮ್ಮ ಜೀವಕೋಶಕ್ಕಿಂತ ಹತ್ತು ಪಟ್ಟು ಬ್ಯಾಕ್ಟೀರಿಯಾ ನಮ್ಮೊಳಗಿದೆ ಅಂತ ನಾನೂ ವರ್ಷಗಟ್ಟಲೆ ಹೇಳುತ್ತಿದ್ದೆ. 2016ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಸರಿಯಾಗಿ ಲೆಕ್ಕ ಹಾಕಿದರು. 70 ಕೆಜಿಯ ಒಬ್ಬ ಮನುಷ್ಯನಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ, 30 ಲಕ್ಷ ಕೋಟಿ ಜೀವಕೋಶ. ಹೆಚ್ಚುಕಡಿಮೆ ಸಮ. ಎಲ್ಲ ಬ್ಯಾಕ್ಟೀರಿಯಾ ಸೇರಿದರೂ ತೂಕ ಸುಮಾರು 200 ಗ್ರಾಂ. ಹಳೆಯ ಅಂಕಿ ಹೇಳಿಕೊಟ್ಟ ಮಕ್ಕಳಿಗೆ ಇದನ್ನು ತಿಳಿಸಬೇಕು ಅಂತ ಈಗಲೂ ಅನಿಸುತ್ತದೆ.

ಇನ್ನು ಚಟ್ನಿ. ರುಚಿಯಲ್ಲಿ ಒಂದು ಮಾತೂ ಇಲ್ಲ. ತಾಜಾ ಕಾಯಿ, ಹುರಿಗಡಲೆ, ಹಸಿಮೆಣಸು, ಕೊತ್ತಂಬರಿ. ಬೆಳಿಗ್ಗೆ ಆರಕ್ಕೆ ತಂದರೆ ಬೆರಳು ನೆಕ್ಕಬೇಕು. ಆದರೂ ನಾನು ಎರಡೇ ಅಂಕ ಕೊಡುತ್ತಿದ್ದೇನೆ. ಕಾರಣ ಹೊತ್ತು.

ಏಪ್ರಿಲ್‌ನ ಒಂದು ಭಾನುವಾರ ಗಮನಿಸಿದೆ. ಐದೂವರೆಗೆ ರುಬ್ಬಿದ ಚಟ್ನಿ ಹನ್ನೊಂದೂವರೆಗೂ ಅದೇ ತೆರೆದ ಪಾತ್ರೆಯಲ್ಲಿ ಇತ್ತು. ಆರು ಗಂಟೆ. ಅದೇ ಚಮಚ ಒಳಗೇ ಮುಳುಗಿತ್ತು. ಜನ ಅದನ್ನು ಕೊಳ್ಳುತ್ತಲೇ ಇದ್ದರು. ಹುಳಿ ಬಂದ ಹಿಟ್ಟು ವಾಪಸ್ ಮಾಡಿದ ಅದೇ ಹುಡುಗ ಆ ಚಟ್ನಿಯನ್ನು ಎರಡು ಕವರ್ ತೆಗೆದುಕೊಂಡು ಹೋದ. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಜನ ಹುಳಿಯನ್ನು ಕಂಡರೆ ಹೆದರುತ್ತಾರೆ. ಹುಳಿಯೇ ಇಲ್ಲದ, ಬೇಯಿಸದ, ನೀರು ತುಂಬಿದ, ಕೊಬ್ಬು ಪ್ರೋಟೀನು ಇರುವ ಪದಾರ್ಥಕ್ಕೆ ಹೆದರಲ್ಲ. ಅಂಗಡಿಯಲ್ಲಿ ಕಾಯಿಲೆ ತರಬಲ್ಲ ಪಾತ್ರೆ ಯಾವುದಾದರೂ ಇದ್ದರೆ ಅದೊಂದೇ.

‘ಒಗ್ಗರಣೆ ಹಾಕಿದ್ದೀನಲ್ಲಮ್ಮಾ. ಕಾದ ಎಣ್ಣೆಗೆ ಎಲ್ಲ ಸಾಯುತ್ತೆ’ ಅಂದರು ಆಕೆ. ಎಷ್ಟು ಮನೆಗಳಲ್ಲಿ ಈ ಮಾತು ಕೇಳಿದ್ದೇನೋ. ಒಂದು ಸೌಟು ಎಣ್ಣೆ ಎರಡು ಲೀಟರ್ ಚಟ್ನಿಯ ಮೇಲ್ಭಾಗವನ್ನು ಒಂದು ಕ್ಷಣ ಬಿಸಿ ಮಾಡುತ್ತದೆ. ಕೆಳಗೆ ಕೈ ಇಟ್ಟು ನೋಡಿದರೆ ಪಾತ್ರೆ ತಣ್ಣಗೇ ಇರುತ್ತದೆ. ‘ಕೆಟ್ಟಿದ್ದರೆ ವಾಸನೆ ಬರುತ್ತಲ್ಲ’ ಅನ್ನೋದು ಇನ್ನೊಂದು. ವಾಸನೆ ಬರಿಸುವ ಬ್ಯಾಕ್ಟೀರಿಯಾ ಬೇರೆ, ಕಾಯಿಲೆ ತರಿಸುವವು ಬೇರೆ. ಭೇದಿ ತರಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುವ ಊಟ ಘಮಘಮ ಅನ್ನಬಹುದು. ಮೂಗನ್ನು ನಂಬಿ ಚೆಲ್ಲಬಹುದು, ಮೂಗನ್ನು ನಂಬಿ ತಿನ್ನಬಾರದು.

ಬಿಸಿ ಮಾಡಿದರೆ ಎಲ್ಲ ಸರಿಹೋಗುತ್ತೆ ಅನ್ನೋದೂ ಪೂರ್ತಿ ನಿಜ ಅಲ್ಲ. ನಮ್ಮ ಮನೆಗಳ ಅನ್ನವನ್ನೇ ತೆಗೆದುಕೊಳ್ಳಿ. ಬ್ಯಾಸಿಲಸ್ ಸೀರಿಯಸ್ ಅಂತ ಒಂದು ಬ್ಯಾಕ್ಟೀರಿಯಾ ಇದೆ. ಅಕ್ಕಿಯ ಜೊತೆ ಅದರ ಬೀಜದಂಥ ರೂಪ ಬರುತ್ತದೆ. ಗಟ್ಟಿ ಕವಚ. ಅನ್ನ ಬೇಯುವ ಬಿಸಿಗೆ ಸಾಯಲ್ಲ. ಅನ್ನ ಕೆಳಗಿಳಿಸಿ ಗಂಟೆಗಟ್ಟಲೆ ಹಾಗೇ ಬಿಟ್ಟರೆ ಎಚ್ಚರಗೊಂಡು ಬೆಳೆದು ವಿಷ ಬಿಡುತ್ತದೆ. ವಾಂತಿ ತರಿಸುವ ಆ ವಿಷ ಒಗ್ಗರಣೆಗೂ ಬಗ್ಗಲ್ಲ, ಕುಕ್ಕರಿನ ಬಿಸಿಗೂ ಬಗ್ಗಲ್ಲ. ರಾತ್ರಿ ಮಿಕ್ಕ ಅನ್ನದಲ್ಲಿ ಬೆಳಿಗ್ಗೆ ಚಿತ್ರಾನ್ನ ನಾನೂ ಮಾಡುತ್ತೇನೆ. ಊಟ ಆದ ತಕ್ಷಣ ಅಗಲವಾದ ತಟ್ಟೆಗೆ ಹರವಿ, ಆರಿಸಿ, ಫ್ರಿಜ್ಜಿಗೆ ಇಟ್ಟಿದ್ದರೆ ಮಾತ್ರ.

ಚಟ್ನಿಗೆ ನಾನು ಹೇಳಿದ ದಾರಿ ಸರಳ. ಒಂದೇ ಸಲ ನಾಲ್ಕು ಲೀಟರ್ ರುಬ್ಬಬೇಡಿ. ಎರಡು ಗಂಟೆಗೆ ಆಗುವಷ್ಟೇ ರುಬ್ಬಿ. ಕುದಿಸಿ ಆರಿಸಿದ ನೀರು ಹಾಕಿ. ಹುಣಸೆಹಣ್ಣು ಅಥವಾ ನಿಂಬೆರಸ ಸೇರಿಸಿ. ಪಾತ್ರೆಯನ್ನು ಐಸ್ ತುಂಬಿದ ದೊಡ್ಡ ಪಾತ್ರೆಯಲ್ಲಿ ಕೂರಿಸಿ, ಮುಚ್ಚಿಡಿ. 5 ಡಿಗ್ರಿಯಿಂದ 60 ಡಿಗ್ರಿ ತನಕ ಬ್ಯಾಕ್ಟೀರಿಯಾಗೆ ಹಬ್ಬ. ಆ ನಡುವೆ ಊಟ ಹೆಚ್ಚು ಹೊತ್ತು ನಿಲ್ಲಬಾರದು. ಆಕೆ ಗಮನವಿಟ್ಟು ಕೇಳಿದರು. ಮರುವಾರದಿಂದ ಐಸ್ ಪಾತ್ರೆ ಬಂತು, ಹುಣಸೆಹಣ್ಣೂ ಬಂತು. ವಾರದ ದಿನಗಳಲ್ಲಿ ಈಗ ಸರಿಯಾಗಿದೆ. ಭಾನುವಾರ ಜನ ಜಾಸ್ತಿ. ಅವತ್ತು ಮತ್ತೆ ಒಟ್ಟಿಗೇ ರುಬ್ಬುತ್ತಾರೆ. ಮೊನ್ನೆ ಭಾನುವಾರವೂ ನೋಡಿದೆ. ಪಾತ್ರೆ ಹೊರಗೇ ಇತ್ತು. ಅದಕ್ಕೇ ಎರಡು.

ಹೋದ ತಿಂಗಳು ಸಾಲಿನಲ್ಲಿ ಒಬ್ಬ ಹುಡುಗಿ, ಸೊಂಟದ ಮೇಲೆ ಎರಡು ವರ್ಷದ ಮಗು. ಮಗುವಿಗೆ ನಿನ್ನೆಯಿಂದ ಭೇದಿಯಂತೆ. ಮನೆಯಲ್ಲಿ ಹಿಂದಿನ ಸಲ ಉಳಿದ ಆಂಟಿಬಯೋಟಿಕ್ ಸಿರಪ್ ಇದೆ, ಕೊಡಲಾ ಅಂತ ಅಂಗಡಿಯಾಕೆಯನ್ನು ಕೇಳುತ್ತಿದ್ದಳು. ನಾನು ಮಧ್ಯೆ ಬಾಯಿ ಹಾಕಿದೆ. ‘ಬೇಡಮ್ಮ. ಮಕ್ಕಳ ಭೇದಿ ಬಹಳ ಸಲ ವೈರಸ್‌ನಿಂದ ಬರುತ್ತೆ. ವೈರಸ್‌ಗೆ ಆ ಔಷಧ ಕೆಲಸ ಮಾಡಲ್ಲ. ಹೊಟ್ಟೆಯಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾನೂ ಸತ್ತು ಭೇದಿ ಇನ್ನೂ ಜಾಸ್ತಿ ಆಗಬಹುದು. ಓಆರ್‌ಎಸ್ ತಗೊಂಡು ಚಮಚದಲ್ಲಿ ಕುಡಿಸ್ತಾ ಇರು. ಎದೆಹಾಲು ಬಿಡಬೇಡ. ಇವತ್ತೇ ಡಾಕ್ಟರ್ ಹತ್ರ ತೋರಿಸು’ ಅಂದೆ. ‘ಜ್ವರಕ್ಕೆ ಕೊಟ್ಟಿದ್ದು ಅಕ್ಕಾ, ಎರಡು ದಿನಕ್ಕೆ ಜ್ವರ ಹೋಯ್ತು ಅಂತ ನಿಲ್ಲಿಸಿದೆ’ ಅಂದಳು.

ಆ ಮಾತು ನನ್ನನ್ನು ಕಾಡುತ್ತಲೇ ಇದೆ. ಲ್ಯಾಬಿನಲ್ಲಿ ಔಷಧದ ಸಣ್ಣ ಬಿಲ್ಲೆಗಳನ್ನು ಪ್ಲೇಟಿನ ಮೇಲೆ ಇಡುತ್ತಿದ್ದೆವು. ಔಷಧ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಖಾಲಿ ವೃತ್ತ ಕಾಣುತ್ತದೆ. ನಾನು ಕೆಲಸಕ್ಕೆ ಸೇರಿದಾಗ ವೃತ್ತಗಳು ದೊಡ್ಡದಾಗಿದ್ದವು. ನಿವೃತ್ತಿಯ ಹೊತ್ತಿಗೆ ಎಷ್ಟೋ ಪ್ಲೇಟುಗಳಲ್ಲಿ ಬಿಲ್ಲೆಗೆ ಅಂಟಿಕೊಂಡೇ ಬ್ಯಾಕ್ಟೀರಿಯಾ ಬೆಳೆದಿರುತ್ತಿತ್ತು. ಬೇಕಾಬಿಟ್ಟಿ ಆಂಟಿಬಯೋಟಿಕ್ ಬಳಸಿ ಬಳಸಿ ಅವು ಔಷಧಕ್ಕೆ ಬಗ್ಗದಂತಾಗಿದ್ದವು. ಆ ರಿಪೋರ್ಟ್ ಬರೆಯುವಾಗ ಕೈ ಭಾರವಾಗುತ್ತಿತ್ತು. ಆಂಟಿಬಯೋಟಿಕ್ ಮಾತ್ರೆಯ ಪಟ್ಟಿಯ ಬೆನ್ನ ಮೇಲೆ ಕೆಂಪು ಗೆರೆ ಇರುತ್ತದೆ. ಡಾಕ್ಟರ್ ಚೀಟಿ ಇಲ್ಲದೆ ತಗೋಬೇಡಿ ಅಂತ ಅದರ ಅರ್ಥ. ಹಲವು ಆಂಟಿಬಯೋಟಿಕ್‌ಗಳನ್ನು 2014ರಿಂದ ಎಚ್1 ಅನ್ನೋ ಸರ್ಕಾರಿ ಪಟ್ಟಿಗೆ ಸೇರಿಸಿದ್ದಾರೆ. ಅವನ್ನು ಮಾರಿದ ಲೆಕ್ಕವನ್ನು ಮೆಡಿಕಲ್ ಶಾಪಿನವರು ಬರೆದಿಡಬೇಕು. ನೆಗಡಿಗೆ, ಗಂಟಲು ಕೆರೆತಕ್ಕೆ ಸುಮ್ನೆ ಕೇಳಿ ತರಬೇಡಿ. ಉಳಿದ ಔಷಧವನ್ನು ಇನ್ನೊಬ್ಬರಿಗೆ ಕೊಡಬೇಡಿ. ಆ ಹುಡುಗಿ ಮೂರು ದಿನ ಬಿಟ್ಟು ಸಿಕ್ಕಳು. ಮಗು ಚೇತರಿಸಿಕೊಂಡಿತ್ತು. ಡಾಕ್ಟರು ಓಆರ್‌ಎಸ್ ಜೊತೆ ಸತು (ಜಿಂಕ್) ಕೊಟ್ಟಿದ್ದರಂತೆ, ಆಂಟಿಬಯೋಟಿಕ್ ಬರೆದಿರಲಿಲ್ಲವಂತೆ.

ಅಂಗಡಿ ಗೊತ್ತಿದ್ದು ಹೋಗುವವರಿಗೆ ಕೆಲವು ಮಾತು. ಬೆಳಿಗ್ಗೆ ಆರರಿಂದ ಹನ್ನೊಂದೂವರೆ, ಸಂಜೆ ಐದರಿಂದ ಎಂಟೂವರೆ. ಸೋಮವಾರ ರಜೆ. ಡಬ್ಬಿ ಮನೆಯಿಂದಲೇ ಒಯ್ಯಿರಿ, ಕವರ್‌ಗೆ ಎರಡು ರೂಪಾಯಿ ಜಾಸ್ತಿ. ಡಬ್ಬಿ ದೊಡ್ಡದಿರಲಿ, ಅರ್ಧದಷ್ಟೇ ತುಂಬಿಸಿ, ಉಬ್ಬಲು ಜಾಗ ಬೇಕು. ಇಡ್ಲಿಗೆ ಅವತ್ತಿನ ಹಿಟ್ಟು ಕೇಳಿ, ಪಡ್ಡಿಗೆ ನಿನ್ನೆಯದು ಇದೆಯಾ ಅಂತ ಕೇಳಿ. ಕೇಳಿದರೆ ಹತ್ತು ರೂಪಾಯಿ ಕಡಿಮೆಗೆ ಕೊಡುತ್ತಾರೆ. ಚಟ್ನಿ ಬೇಕಿದ್ದರೆ ಏಳು ಗಂಟೆಯೊಳಗೆ ಹೋಗಿ, ತಂದ ತಕ್ಷಣ ತಿನ್ನಿ. ಭಾನುವಾರ ಹಿಟ್ಟು ಮಾತ್ರ ತನ್ನಿ. ಚಟ್ನಿ ಮನೆಯಲ್ಲೇ ರುಬ್ಬಿಕೊಳ್ಳಿ.